ಗಿಡ್ಡ ಸ್ಕೀ ಕಟ್ಟಿಕೊಂಡು ಗಾಳಿಪಟದ ಹಿಂದೆ

ಮೊದಲೇ ಹೇಳಿಬಿಡುತ್ತೇನೆ, ಸ್ನೋ ಕೈಟಿಂಗ್‌ಗೆ, ಅಂದರೆ ಗಾಳಿಪಟದಿಂದ ಎಳೆಸಿಕೊಂಡು ಹಿಮದ ಮೇಲೆ ಜಾರುವ ಆಟಕ್ಕೆ, ನಾನು ಗಿಡ್ಡ ಸ್ಕೀ (ಕಾಲಿಗೆ ಕಟ್ಟುವ ಜಾರುಹಲಗೆ) ಆರಿಸಿಕೊಂಡಿದ್ದು ಆಟದ ಮರ್ಮ ತಿಳಿದು ಅಲ್ಲ, ಲಗೇಜಿನ ಲೆಕ್ಕ ನೋಡಿ. ವಿಮಾನಕ್ಕೆ ಹಾಕುವ ಬ್ಯಾಗಿನ ಉದ್ದ, ಅಗಲ, ಎತ್ತರ ಮೂರೂ ಕೂಡಿ ಸಾಮಾನ್ಯವಾಗಿ 158 ಸೆಂ.ಮೀ. ದಾಟುವಂತಿಲ್ಲ. 170 ಸೆಂ.ಮೀ.ನ ಮಾಮೂಲಿ ಸ್ಕೀ ಆದರೆ ಉದ್ದ ಒಂದರಲ್ಲೇ ಲೆಕ್ಕ ಮುಗಿದುಹೋಯಿತು. ಯಾರೋ ಬಳಸಿ ಬಿಟ್ಟಿದ್ದ 99 ಸೆಂ.ಮೀ.ನ ಜೋಡಿಯೊಂದು ಕಡಿಮೆ ಬೆಲೆಗೆ ಸಿಕ್ಕಿತು. ಬಸವನಗುಡಿಯ ನಮ್ಮ ಮನೆ ಹಾಲ್‌ನಲ್ಲಿ ಟೇಪು ಹಿಡಿದು ಬ್ಯಾಗು ಅಳೆದೆ: 100, 32, 26. ಸರಿಯಾಗಿ 158. ಅಮ್ಮ ಅಡುಗೆಮನೆಯಿಂದ ಇಣುಕಿ, "ಇದೇನೋ ಇದು, ಇಸ್ತ್ರಿ ಮಾಡೋ ಹಲಗೆನಾ?" ಅಂದರು.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಸ್ನೋ ಕೈಟಿಂಗ್ ಅಂದರೆ ಕಾಲಿಗೆ ಸ್ಕೀ, ಸೊಂಟಕ್ಕೆ ಹಾರ್ನೆಸ್ ಎಂಬ ಗಟ್ಟಿ ಪಟ್ಟಿ, ಹಾರ್ನೆಸ್‌ನಿಂದ ಇಪ್ಪತ್ತು ಮೀಟರ್‌ಗೂ ಜಾಸ್ತಿ ಉದ್ದದ ದಾರಗಳು, ಅದರ ತುದಿಗೆ ದೊಡ್ಡ ಬಟ್ಟೆಯ ಪಟ. ಗಾಳಿ ಪಟವನ್ನು ಎಳೆಯುತ್ತದೆ, ಪಟ ನಮ್ಮನ್ನು ಎಳೆಯುತ್ತದೆ. ಇಳಿಜಾರು ಬೇಡ, ರೋಪ್‌ವೇ ಬೇಡ, ಗುಡ್ಡ ಹತ್ತಿಕೊಂಡೂ ಹೋಗಬಹುದು. ಹೊಸದೇನಲ್ಲ, 1888ರಲ್ಲಿ ನಾರ್ವೆಯ ಅನ್ವೇಷಕ ನಾನ್ಸೆನ್ ಗ್ರೀನ್‌ಲ್ಯಾಂಡ್ ದಾಟಿದಾಗಲೇ ಜಾರುಬಂಡಿಗಳಿಗೆ ಹಾಯಿ ಕಟ್ಟಿದ್ದರು.

ಪಟದ ಅಭ್ಯಾಸ ಬೆಂಗಳೂರಿನಲ್ಲೇ ಆಯಿತು. ನಮ್ಮಲ್ಲಿ ಪಟ ಹಾರಿಸೋದು ಆಷಾಢದಲ್ಲಿ ಅಲ್ವಾ, ಗುಜರಾತಿನವರ ಹಾಗೆ ಸಂಕ್ರಾಂತಿಗಲ್ಲ. ಜೂನ್, ಜುಲೈನಲ್ಲಿ ಪಶ್ಚಿಮದಿಂದ ಬೀಸುವ ಆ ಗಾಳಿ ನನಗೆ ಪುಕ್ಕಟೆ ಸಿಕ್ಕ ಮೇಷ್ಟ್ರು. ಕನಕಪುರ ರಸ್ತೆಯ ಆಚೆ ಕರೆಂಟ್ ತಂತಿ ಇಲ್ಲದ ಒಂದು ಬಯಲು ಹುಡುಕಿಕೊಂಡು, 3 ಚದರ ಮೀಟರ್‌ನ ಕಲಿಕೆಯ ಕೈಟ್ ಇಟ್ಟುಕೊಂಡು ಎರಡು ಆಷಾಢ ಕಳೆದೆ. (ಏರ್‌ಪೋರ್ಟ್, ಏರ್‌ಫೋರ್ಸ್ ಇರುವ ಕಡೆ ಈ ಕೆಲಸ ಬೇಡವೇ ಬೇಡ.) ದನ ಮೇಯಿಸುವ ಹುಡುಗರು "ಪ್ಯಾರಾಚೂಟಾ ಸಾರ್, ಹಾರ್ತೀರಾ?" ಅಂತ ಗುಂಪು ಕೂಡುತ್ತಿದ್ದರು. ಹಾರಲಿಲ್ಲ, ಆದರೆ ಎರಡು ಸಲ ಮುಗ್ಗರಿಸಿ ಬಿದ್ದು ಮಣ್ಣು ಮುಕ್ಕಿದ್ದೇನೆ.

ಅಲ್ಲಿ ಕಲಿತ ಮುಖ್ಯ ವಿಷಯ ಒಂದು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಪಟ ಹಾರಾಡಬಹುದಾದ ಜಾಗ ನಮ್ಮ ಮುಂದೆ ಅರ್ಧ ಬೋಗುಣಿ ಕವುಚಿದ ಹಾಗೆ ಇರುತ್ತದೆ. ಅದರ ಅಂಚಿನಲ್ಲಿ, ನೆತ್ತಿಯ ಮೇಲೆ, ಎಳೆತ ಕಡಿಮೆ. ನಡುವೆ, ಕೆಳಗೆ, ನಮ್ಮ ನೇರ ಮುಂದೆ ಬಂದರೆ ಎಳೆತ ಜೋರು. ಚಿಕ್ಕಂದಿನಲ್ಲಿ ಸೂತ್ರ ಸರಿಯಾಗಿ ಕಟ್ಟದ ಪಟ ಗೋತಾ ಹೊಡೆಯುತ್ತಿತ್ತಲ್ಲ, ಅದೇ ಗೋತಾ ಇಲ್ಲಿ ಹೊಡೆದರೆ ಪಟದ ಜೊತೆ ನಾವೂ ಹೋಗುತ್ತೇವೆ. ಸ್ಕೀ ಮಾಡಲು ಬೇರೆ ಕಲಿಯಬೇಕು. ನಾನು ಹಿಂದೆ ಗುಲ್ಮಾರ್ಗ್‌ನಲ್ಲಿ ಹದಿನಾಲ್ಕು ದಿನದ ಬೇಸಿಕ್ ಕೋರ್ಸ್ ಮುಗಿಸಿದ್ದೆ. ಎರಡನ್ನೂ ಒಟ್ಟಿಗೆ ಒಂದೇ ದಿನ ಕಲಿಯುತ್ತೇನೆ ಅನ್ನುವವರಿಗೆ ನನ್ನ ಸಲಹೆ, ದಯವಿಟ್ಟು ಬೇಡ.

ಅಕ್ಕ, ಭಾವ ನಾರ್ವೆಯ ಓಸ್ಲೋದಲ್ಲಿದ್ದಾರೆ. ಮಾರ್ಚ್ ಕೊನೆಗೆ ಹೋದೆ. ಅಷ್ಟೊತ್ತಿಗೆ ಹಗಲು ಉದ್ದ ಆಗಿರುತ್ತದೆ, ಹಿಮ ಇನ್ನೂ ದಂಡಿಯಾಗಿ ಇರುತ್ತದೆ. ಓಸ್ಲೋದಿಂದ ಬರ್ಗೆನ್ ರೈಲು ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಹೌಗಾಸ್ಟೋಲ್ ಸ್ಟೇಷನ್, ಹಾರ್ಡಾಂಗರ್‌ವಿಡ್ಡಾ ಎಂಬ ದೊಡ್ಡ ಪ್ರಸ್ಥಭೂಮಿಯ ಅಂಚು. ಮೇಲೆ ಹೋದರೆ ಮರವೇ ಇಲ್ಲ, ಕಣ್ಣು ಹಾಯಿಸಿದಷ್ಟೂ ಬಿಳಿ. ತಮಾಷೆ ಅಂದರೆ ಆ ಸ್ಟೇಷನ್ ಇರುವುದು 988 ಮೀಟರ್ ಎತ್ತರದಲ್ಲಿ, ನಮ್ಮ ಬೆಂಗಳೂರಿಗಿಂತ ಒಂದು ಚೂರು ಜಾಸ್ತಿ ಅಷ್ಟೇ. ಹಾಗಾಗಿ ಗಾಳಿಯೂ ಹೆಚ್ಚೂಕಡಿಮೆ ಒಂದೇ ಥರ ಇರಬಹುದು ಅಂದುಕೊಂಡಿದ್ದೆ. ಇಲ್ಲ. ಅಲ್ಲಿ ಮೈನಸ್ 8 ಡಿಗ್ರಿ, ಇಲ್ಲಿ ಪ್ಲಸ್ 28. ತಣ್ಣನೆ ಗಾಳಿ ದಟ್ಟ, ಲೆಕ್ಕ ಹಾಕಿದರೆ ಶೇ. 10ಕ್ಕಿಂತ ಜಾಸ್ತಿಯೇ ದಟ್ಟ. ಅಂದರೆ ಅದೇ ವೇಗದ ಗಾಳಿ, ಅದೇ ಪಟ, ಆದರೆ ಎಳೆತ ಅಷ್ಟು ಜಾಸ್ತಿ. ಕನಕಪುರ ರಸ್ತೆಯಲ್ಲಿ ಪಳಗಿದ ಕೈ ಇದನ್ನು ಮೊದಲ ದಿನವೇ ಗುರುತಿಸಿತು, ತಲೆಗೆ ಮಾತ್ರ ಎರಡು ದಿನ ಬೇಕಾಯಿತು.

ಈಗ ಸ್ಕೀಗೆ ಬರ್ತೀನಿ. ಗಿಡ್ಡ ಸ್ಕೀ ಕೊಳ್ಳುವವರು ಮೊದಲು ನೋಡಬೇಕಾದದ್ದು ಉದ್ದ ಅಲ್ಲ, ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ. ಉದ್ದ ಸ್ಕೀಯಲ್ಲಿ ಬಿದ್ದಾಗ ಬೂಟು ತಾನಾಗಿ ಕಳಚಿಕೊಳ್ಳುತ್ತದೆ. ಗಿಡ್ಡ ಸ್ಕೀಗಳಲ್ಲಿ ಬಹಳಷ್ಟಕ್ಕೆ ಕಳಚದ ಬೈಂಡಿಂಗ್ ಹಾಕಿರುತ್ತಾರೆ. ಹಲಗೆ ಗಿಡ್ಡ, ಕಾಲು ತಿರುಚುವ ಬಲ ಕಡಿಮೆ, ಕಳಚೋದು ಯಾಕೆ ಬೇಕು ಅನ್ನುವ ವಾದ. ಮಂಡಿಯ ಮಟ್ಟಿಗೆ ಆ ವಾದದಲ್ಲಿ ಸ್ವಲ್ಪ ನಿಜ ಇದೆ, ಆದರೆ ಇಂಥ ಸ್ಕೀಯಲ್ಲಿ ಬಿದ್ದವರಿಗೆ ಮಂಡಿಯ ಕೆಳಗಿನ ದೊಡ್ಡ ಮೂಳೆ ಮುರಿಯುವುದು ಜಾಸ್ತಿ ಅಂತ ವೈದ್ಯರು ಗಮನಿಸಿದ್ದಾರೆ. ಅದೂ ಸುಮ್ನೆ ಇಳಿಜಾರಿನಲ್ಲಿ ಜಾರುವವರ ಕಥೆ. ನಮ್ಮನ್ನು ಮೇಲೆತ್ತಿ ಹಾಕಬಲ್ಲ ಪಟವೂ ಸೊಂಟಕ್ಕೆ ಇದ್ದರೆ? ನನ್ನ ಜೋಡಿಗೂ ಕಳಚದ ಬೈಂಡಿಂಗೇ ಇತ್ತು. ಅದೃಷ್ಟಕ್ಕೆ ಹಲಗೆಯಲ್ಲಿ ಸ್ನೋಬೋರ್ಡಿಗೆ ಇರುವ ಹಾಗೆ 4 ಸೆಂ.ಮೀ. ಅಂತರದ ತಿರುಪಿನ ತೂತುಗಳಿದ್ದವು. ಓಸ್ಲೋದಲ್ಲಿ ಒಂದು ಅಂಗಡಿಯಲ್ಲಿ ಅದರ ಮೇಲೆ ಪ್ಲೇಟು ಕೂರಿಸಿ, ಕಳಚುವ ಬೈಂಡಿಂಗ್ ಹಾಕಿಸಿದೆ. ಸ್ಕೀಗಿಂತ ಅದಕ್ಕೇ ದುಡ್ಡು ಜಾಸ್ತಿ ಆಯಿತು. ಭಾವ ಬಿಲ್ಲು ನೋಡಿ ಏನೂ ಹೇಳಲಿಲ್ಲ, ಅಕ್ಕ ಮಾತ್ರ "ಲೋ, ಇದರ ಬದಲು ಇಲ್ಲೇ ಬಾಡಿಗೆಗೆ ತಗೋಬಹುದಿತ್ತಲ್ಲೋ" ಅಂದಳು. ಹೌದು, ತಗೋಬಹುದಿತ್ತು. 158ರ ಲೆಕ್ಕ ಹಾಕಿದ ಉತ್ಸಾಹದಲ್ಲಿ ಅದು ಹೊಳೆದೇ ಇರಲಿಲ್ಲ.

ಇನ್ನೊಂದು, ಅಂಚು. ಸ್ಕೀಯ ಎರಡೂ ಬದಿಗೆ ಉಕ್ಕಿನ ಅಂಚು ಇರುತ್ತದೆ, ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುವುದು ಅದೇ. ನನ್ನದು ಮೊಂಡಾಗಿ ತುಕ್ಕು ಹಿಡಿದಿತ್ತು. ಬೀದಿಯಲ್ಲಿ ಚಾಕುವಿಗೆ ಸಾಣೆ ಹಿಡಿಯುವವರಿಗೆ ಕೊಡೋಣ ಅಂತ ಒಂದು ಕ್ಷಣ ನಿಜವಾಗಿ ಅಂದುಕೊಂಡೆ. ಕೊನೆಗೆ ಕೋನ ಕೂರಿಸುವ ಗೈಡ್ ಇರುವ ಚಿಕ್ಕ ಅರ ತರಿಸಿ, ಬಾಲ್ಕನಿಯಲ್ಲಿ ಕೂತು 88 ಡಿಗ್ರಿಗೆ ಉಜ್ಜಿದೆ. ಇದರ ಬೆಲೆ ಗೊತ್ತಾಗಿದ್ದು ಆಮೇಲೆ.

ಮೊದಲ ಎರಡು ದಿನ ಅಲ್ಲಿನ ಶಿಕ್ಷಕರೊಬ್ಬರ ಜೊತೆ ಕಲಿತೆ. ನನ್ನ ಸ್ಕೀ ನೋಡಿ ಅವರು ನಕ್ಕರು, ಬೇಡ ಅನ್ನಲಿಲ್ಲ. ಗಾಳಿ ಸೆಕೆಂಡಿಗೆ 5 ಮೀಟರ್ ಇತ್ತು (ಅಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ, 3.6ರಿಂದ ಗುಣಿಸಿದರೆ ನಮ್ಮ ಕಿ.ಮೀ. ಲೆಕ್ಕ, ಅಂದರೆ ಗಂಟೆಗೆ 18). ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳಿ ಒತ್ತಿ ಗಟ್ಟಿ ಮಾಡಿದ ಹಿಮ. 9 ಚದರ ಮೀಟರ್‌ನ ಪಟ. ಅಲ್ಲಿ ಗಿಡ್ಡ ಸ್ಕೀ ಅಂದರೆ ಸ್ವರ್ಗ! ತಿರುಗು ಅಂದುಕೊಂಡರೆ ತಿರುಗುತ್ತದೆ. ದಾರ ಬಿಚ್ಚಿ ಹಾಸುವಾಗ, ಪಟ ಬಿದ್ದಾಗ ಅದರ ಸುತ್ತ ಓಡಾಡುವಾಗ, ಉದ್ದ ಸ್ಕೀಯವರು ಬಾತುಕೋಳಿ ಹಾಗೆ ಕಾಲು ಎತ್ತಿಡುತ್ತಿದ್ದರೆ ನಾನು ಆರಾಮಾಗಿ ನಡೆದಾಡುತ್ತಿದ್ದೆ. ದಾರ ಸ್ಕೀ ತುದಿಗೆ ಸಿಕ್ಕಿಕೊಳ್ಳೋದೂ ಕಡಿಮೆ. ಎರಡೂ ತುದಿ ಮೇಲಕ್ಕೆ ಬಾಗಿರುವುದರಿಂದ ಹಿಮ್ಮುಖವಾಗಿಯೂ ಜಾರಬಹುದು, ವಾಪಸ್ ಬರುವಾಗ ಸ್ಕೀ ತಿರುಗಿಸದೆ ಪಟವನ್ನು ಮಾತ್ರ ಆಚೆಗೆ ಕಳಿಸಿದರೆ ಸಾಕು. ಸಂಜೆ ಅಕ್ಕನಿಗೆ ಫೋನ್ ಮಾಡಿ ದೊಡ್ಡದಾಗಿ ಕೊಚ್ಚಿಕೊಂಡೆ.

ಮೂರನೇ ದಿನ ಒಬ್ಬನೇ ಇಳಿದೆ. ಬೆಳಿಗ್ಗೆ ಗಾಳಿ 6, ಮಧ್ಯಾಹ್ನ 9. ಕೇಳೋಕೆ ಮೂರೇ ಮೀಟರ್ ವ್ಯತ್ಯಾಸ. ಆದರೆ ಪಟದ ಎಳೆತ ಹೆಚ್ಚೋದು ಗಾಳಿ ವೇಗದ ವರ್ಗದ ಲೆಕ್ಕದಲ್ಲಿ, 36 ಇದ್ದದ್ದು 81 ಆದ ಹಾಗೆ, ಎರಡೂಕಾಲು ಪಟ್ಟು. ಉದ್ದ ಸ್ಕೀ ಹಾಕಿಕೊಂಡ ಇಬ್ಬರು 9ರ ಪಟದಲ್ಲೇ ಹೋಗುತ್ತಿದ್ದರು, ನಾನೂ ಬದಲಾಯಿಸಲಿಲ್ಲ. ಬಾರ್ (ಪಟವನ್ನು ನಡೆಸುವ, ಕೈಯಲ್ಲಿ ಹಿಡಿಯುವ ಕೋಲು) ದೂರ ತಳ್ಳಿ ಪಟದ ಎಳೆತ ಕಡಿಮೆ ಮಾಡಿಕೊಂಡು ಒಂದಷ್ಟು ಹೊತ್ತು ಹೇಗೋ ನಡೆಯಿತು. ಆಮೇಲೆ ಒಂದು ಸಲ ಗಾಳಿ ರಪ್ಪಂತ ಏರಿತು. ಪಟ ಪಕ್ಕಕ್ಕೆ ಎಳೆಯಿತು, ನಾನು ಮಾಮೂಲಿ ಹಾಗೆ ಹಿಂದಕ್ಕೆ ಒರಗಿದೆ. ಒರಗಲು ಹಿಂದೆ ಏನಿದೆ? ಗಿಡ್ಡ ಸ್ಕೀಗೆ ಬಾಲವೇ ಇಲ್ಲ. ಹಿಮ್ಮಡಿಯ ಹಿಂದೆ ಒಂದು ಗೇಣು ಹಲಗೆ. ಕುಂಡಿ ನೆಲಕ್ಕೆ ಬಡಿಯಿತು, ಅಂಚು ಬಿಟ್ಟುಹೋಯಿತು, ಪಟ ನಡುವಿಗೆ ಬಂದು ನನ್ನನ್ನು ಗೋಣಿಚೀಲದ ಹಾಗೆ ಎಳೆದುಕೊಂಡು ಹೋಯಿತು. ಎಡಗಾಲಿನ ಸ್ಕೀ ಕಳಚಿಕೊಂಡಿತು. ಬಾರಿನ ಕೆಳಗಿನ ಕೆಂಪು ಬಿಡುಗಡೆ ಹಿಡಿಯನ್ನು ತಳ್ಳಿದ ಮೇಲೆ ಪಟ ಒಂದೇ ದಾರದಲ್ಲಿ ನೇತಾಡಿ ಸುಮ್ಮನಾಯಿತು. ಆ ಹಿಡಿ ಕಣ್ಣು ಮುಚ್ಚಿಕೊಂಡೂ ಸಿಗುವಷ್ಟು ಅಭ್ಯಾಸ ಮಾಡಿಸಿದ್ದ ಶಿಕ್ಷಕರಿಗೆ ಅಲ್ಲೇ ಬಿದ್ದುಕೊಂಡು ಮನಸ್ಸಿನಲ್ಲೇ ಕೈಮುಗಿದೆ. ಮಂಡಿ ಊದಿತು, ಮೂಳೆಗೆ ಏನೂ ಆಗಲಿಲ್ಲ. ಕಳಚದ ಬೈಂಡಿಂಗ್ ಇದ್ದಿದ್ದರೆ ಈ ಬರಹದ ಬದಲು ಎಕ್ಸ್-ರೇ ತೋರಿಸುತ್ತಿದ್ದೆ.

ಒಂದು ದಿನ ರೆಸ್ಟ್. ಮಾರನೇ ದಿನ 172 ಸೆಂ.ಮೀ. ಸ್ಕೀ ಬಾಡಿಗೆಗೆ ತಗೊಂಡೆ. ಸ್ಕೀಯದೇ ತಪ್ಪೋ ನನ್ನದೋ ಗೊತ್ತಾಗಬೇಕಿತ್ತು. ಗಾಳಿ ಮತ್ತೆ 8, 9. ಅದೇ 9ರ ಪಟ. ಸಲೀಸಾಗಿ ನಿಂತಿತು! ಉದ್ದ ಅಂಚು ಹಿಮದಲ್ಲಿ ರೈಲಿನ ಹಾಗೆ ಹೋಗುತ್ತದೆ, ಹಿಂದಕ್ಕೆ ಒರಗಿದರೆ ಬಾಲ ಹೊರುತ್ತದೆ. ಆಮೇಲೆ ಗಿಡ್ಡದ್ದು ಹಾಕಿ 6 ಚದರ ಮೀಟರ್‌ನ ಪಟ ಕಟ್ಟಿದೆ. ಅದೂ ನಿಂತಿತು. ಅಲ್ಲಿಗೆ ನನ್ನ ಲೆಕ್ಕ ಬಗೆಹರಿಯಿತು: ಉದ್ದ ಸ್ಕೀಯವರು ಯಾವ ಪಟ ಕಟ್ಟಿದ್ದಾರೆ ನೋಡಿ, ನಾನು ಅದಕ್ಕಿಂತ ಒಂದು ಸೈಜು ಚಿಕ್ಕದು ಕಟ್ಟಬೇಕು. ವೇಗ ಕಡಿಮೆ ಸಿಗುತ್ತದೆ, ಸಿಗಲಿ. ವೇಗ ಜಾಸ್ತಿಯಾದರೆ ಗಿಡ್ಡ ಸ್ಕೀ ಹೇಗೂ ಗಡಗಡ ನಡುಗೋಕೆ ಶುರು ಮಾಡುತ್ತದೆ.

ನಿಲ್ಲುವ ರೀತಿಯನ್ನೂ ಬದಲಾಯಿಸಬೇಕಾಯಿತು. ಇದನ್ನು ಮಾತಿನಲ್ಲಿ ಹೇಳೋದು ಕಷ್ಟ, ಪ್ರಯತ್ನಿಸುತ್ತೇನೆ. ಬೂಟಿನ ನಾಲಿಗೆಗೆ ಮೊಣಕಾಲ ಕೆಳಗಿನ ಮೂಳೆ ಒತ್ತಿಕೊಂಡೇ ಇರಬೇಕು, ಒತ್ತಡ ತಪ್ಪಿತು ಅಂದರೆ ನಾನು ಹಿಂದೆ ಬಿದ್ದೆ ಅಂತಲೇ ಅರ್ಥ. ಸೊಂಟ ಬೂಟಿನ ಮೇಲೆ, ಹಿಂದಲ್ಲ. ಎಳೆತಕ್ಕೆ ಎದುರಾಗಿ ಒರಗೋದು ಹಿಂದಕ್ಕಲ್ಲ, ಪಕ್ಕಕ್ಕೆ, ಗಾಳಿ ಬರುವ ಕಡೆಗೆ. ಗಾಳಿ ಬರುವ ಕಡೆಯ ಕಾಲು ಅರ್ಧ ಪಾದ ಮುಂದೆ, ಭಾರ ಜಾಸ್ತಿ ಇನ್ನೊಂದು ಕಾಲಿನ ಒಳ ಅಂಚಿನ ಮೇಲೆ. ಪಟವನ್ನು ನೆತ್ತಿಗೂ ನೆಲಕ್ಕೂ ನಡುವೆ, ಸುಮಾರು 45 ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತೇನೆ. ತೀರಾ ಮೇಲಿದ್ದರೆ ಮೈ ಹಗುರಾಗಿ ಅಂಚು ಕಚ್ಚಲ್ಲ, ತೀರಾ ಕೆಳಗಿದ್ದರೆ ಪಕ್ಕದ ಎಳೆತ ಗಿಡ್ಡ ಅಂಚು ತಡೆಯಲ್ಲ. ಒಂದು ಗಂಟೆ ಹೀಗೆ ನಿಂತರೆ ತೊಡೆ ಉರಿಯುತ್ತದೆ. ಉದ್ದ ಸ್ಕೀಯವರು ಹಾರ್ನೆಸ್ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ ಹೋಗುವುದನ್ನು ನೋಡಿ ಹೊಟ್ಟೆಯೂ ಉರಿಯುತ್ತದೆ.

ಎಲ್ಲಾ ಹಿಮಕ್ಕೂ ಇದು ಆಗಲ್ಲ. ರಾತ್ರಿ ಬಿದ್ದ ಹೊಸ ಪುಡಿ ಹಿಮದಲ್ಲಿ ತುದಿ ಮುಳುಗಿ ಮುಖ ಅಡಿಯಾಗಿ ಬೀಳುತ್ತೀರಿ, ಹಲಗೆಯ ವಿಸ್ತೀರ್ಣ ಸಾಲದು. ಅದಕ್ಕಿಂತ ಕಷ್ಟ ಗಾಳಿ ಕೊರೆದ ಹಿಮದ ಏಣುಗಳು, ಸಾಸ್ಟ್ರುಗಿ ಅನ್ನುತ್ತಾರೆ. ಉತ್ತ ಹೊಲದಲ್ಲಿ ಸೈಕಲ್ ಓಡಿಸಿ ನೋಡಿ, ಅದೇ. ಉದ್ದ ಸ್ಕೀ ಒಂದು ಏಣಿನಿಂದ ಇನ್ನೊಂದಕ್ಕೆ ಸೇತುವೆ ಹಾಕಿದ ಹಾಗೆ ದಾಟಿಬಿಡುತ್ತದೆ, ಗಿಡ್ಡದ್ದು ಪ್ರತಿ ಹಳ್ಳಕ್ಕೂ ಇಳಿದು ಹತ್ತುತ್ತದೆ. ಪ್ರಸ್ಥಭೂಮಿಯ ಮೇಲೆ ಎರಡು ಕಿಲೋಮೀಟರ್ ಹೋಗಿ ಹಲ್ಲು ಕಡಕಡ ಅಂದ ಮೇಲೆ ವಾಪಸ್ ಕೆರೆಗೆ ಬಂದೆ. ಕೆರೆಯಲ್ಲೂ ಸ್ಥಳೀಯರನ್ನು ಕೇಳದೆ ಇಳಿಯಬಾರದು. ವಿದ್ಯುತ್ ಉತ್ಪಾದನೆಗೆ ನೀರು ಏರಿಳಿಸುವ ಕೆರೆಗಳಲ್ಲಿ ದಡದ ಹತ್ತಿರ ಐಸ್ ಬಿರುಕು ಬಿಟ್ಟಿರುತ್ತದೆ, ನೀರು ಹರಿದು ಬರುವ ಬಾಯಲ್ಲಿ ತೆಳ್ಳಗಿರುತ್ತದೆ. ಹೆಲ್ಮೆಟ್, ಬೆನ್ನಿನ ಗಾರ್ಡು ಹೇಗೂ ಬೇಕು, ನಾನು ಬಿದ್ದ ಮೇಲೆ ಹೇಳುವುದೇ ಬೇಡ.

ಕೊನೇ ದಿನ ಗಾಳಿ 13. ಉದ್ದ ಸ್ಕೀಯವರು ಚಿಕ್ಕ ಪಟ ಕಟ್ಟಿಕೊಂಡು ಹೋದರು. ನನ್ನ ಹತ್ತಿರ 6ಕ್ಕಿಂತ ಚಿಕ್ಕದು ಇರಲಿಲ್ಲ, ಬೆಂಗಳೂರಿನ 3ರದ್ದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕಿಟಕಿ ಪಕ್ಕ ಕೂತು ಅಕ್ಕ ಕಟ್ಟಿಕೊಟ್ಟಿದ್ದ ಅವಲಕ್ಕಿ ತಿಂದೆ.

ಈಗ ಸ್ಕೀ ನಮ್ಮ ಮನೆ ಅಟ್ಟದಲ್ಲಿದೆ. ಮಳೆಗಾಲದಲ್ಲಿ ಅಂಚು ತುಕ್ಕು ಹಿಡಿಯದಿರಲಿ ಅಂತ ಹೊಲಿಗೆ ಮಿಷನ್ ಎಣ್ಣೆ ಸವರಿ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಮುಂದಿನ ಸಲಕ್ಕೆ 120 ಸೆಂ.ಮೀ.ನ ಜೋಡಿ ನೋಡುತ್ತಿದ್ದೇನೆ, ಬಾಲ ಒಂದಿಷ್ಟು ಜಾಸ್ತಿ ಸಿಗುತ್ತದೆ. ಆದರೆ ಬ್ಯಾಗಿನ ಉದ್ದಕ್ಕೇ 120 ಹೋದರೆ ಉಳಿಯೋದು 38. ಅಗಲ 20, ಎತ್ತರ 18 ಅಂತಿಟ್ಟರೆ ಸ್ಕೀ ಹಿಡಿಸುತ್ತದೆ, ಪಟ ಹಿಡಿಸಲ್ಲ. ಭಾವನಿಗೆ ಫೋನ್ ಮಾಡಿ, ನೀವು ಡಿಸೆಂಬರ್‌ಗೆ ಬಂದಾಗ ಪಟದ ಬ್ಯಾಗು ತಗೊಂಡು ಹೋಗ್ತೀರಾ ಅಂತ ಕೇಳಿದ್ದೇನೆ. ಅಕ್ಕನ ಹತ್ತಿರ ಮಾತಾಡಿ ಹೇಳ್ತೀನಿ ಅಂದಿದ್ದಾರೆ.