ಸಂಡೇ ಸ್ಕೂಲ್ ಸೇವಕರ ಮುನಿಸು ತಿಳಿಯಾದ ಬಗೆ

ಬೀದರಿನ ನಮ್ಮ ಸಭೆಯ (ಚರ್ಚಿನ) ಸಂಡೇ ಸ್ಕೂಲಿನಲ್ಲಿ, ಅಂದರೆ ಮಕ್ಕಳ ಭಾನುವಾರದ ಬೈಬಲ್ ತರಗತಿಗಳಲ್ಲಿ, ಕಲಿಸುವ ಸೇವಕರಲ್ಲಿ ಯಾರು ಬರುವುದಿಲ್ಲ ಎಂಬುದು ಭಾನುವಾರ ಬೆಳಿಗ್ಗೆಯೇ ತಿಳಿಯುತ್ತಿದ್ದುದರಿಂದ ಹೊರೆಯೆಲ್ಲ ಇಬ್ಬರು ಅಕ್ಕಂದಿರ ಮೇಲೆ ಬೀಳುತ್ತಿತ್ತು. ಅವರ ಬೇಸರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೊರಬರುತ್ತಿತ್ತು. ಮೇಲ್ವಿಚಾರಕನಾದ ನಾನು ಎಲ್ಲರನ್ನೂ ಕೂರಿಸಿ ಉಪದೇಶಿಸಿದೆ. ಮೌನ ಹೆಚ್ಚಿತು, ಅಷ್ಟೇ.

ಆಮೇಲೆ ಬೈಬಲಿನ ಮತ್ತಾಯ 18:15 ಹೇಳುವಂತೆ, ತಕರಾರಿದ್ದವರು ಮೊದಲು ಇಬ್ಬರೇ ಕೂತು ಮಾತಾಡಬೇಕೆಂದು ಒಪ್ಪಿಕೊಂಡೆವು. ತಿಂಗಳ ಸರದಿ ಪಟ್ಟಿಯನ್ನು ಸೇವಕರೇ ಬರೆದರು: ಬರಲಾಗದವರು ಗುರುವಾರದೊಳಗೆ ಬದಲಿಯವರನ್ನು ಹುಡುಕಬೇಕು, ಪ್ರತಿ ಕೋಣೆಯಲ್ಲಿ ಇಬ್ಬರು ದೊಡ್ಡವರಿರಬೇಕು (ಮಕ್ಕಳ ಸುರಕ್ಷತೆಗೂ ಇದು ಅಗತ್ಯ). ಮನೆಯಲ್ಲಿ ಮರಾಠಿ ಆಡುವ, ಕನ್ನಡ ಓದಲು ತಡವರಿಸುತ್ತಿದ್ದ ತರುಣನಿಗೆ ಹಾಡು ಮತ್ತು ಕೈಕೆಲಸ ವಹಿಸಿದ ಮೇಲೆ ಅವನು ತಪ್ಪಿಸಿಕೊಳ್ಳುವುದು ನಿಂತಿತು. ತೊಗರಿ ರಾಶಿಯ ದಿನಗಳಲ್ಲಿ ಸರದಿ ಈಗಲೂ ತಪ್ಪುತ್ತದೆ. ಆಗ ಎರಡು ತರಗತಿಗಳನ್ನು ಒಟ್ಟಿಗೆ ನಡೆಸುತ್ತೇವೆ.