ಜೋಳದ ರೊಟ್ಟಿಯ ವ್ಯಾಪಾರಕ್ಕೆ ಮೊಬೈಲಿನಲ್ಲೇ ವಿಡಿಯೊ ಮಾಡುವುದು ಹೇಗೆ?

ಕಲಬುರಗಿಯ ಓಣಿಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುವ ಮನೆಗಳು ಬಹಳ. ಆದರೆ ಅವರಲ್ಲಿ ಅನೇಕರ ವಾಟ್ಸ್‌ಆ್ಯಪ್ ಸ್ಟೇಟಸ್ ತೆರೆದರೆ ಕಾಣುವುದು ಹೂಬಳ್ಳಿಯ ಚೌಕಟ್ಟು, ಅದರೊಳಗೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಯಾರದೋ ರೊಟ್ಟಿಯ ಚಿತ್ರ, ಕೆಳಗೊಂದು ಫೋನ್ ನಂಬರು. ಮುಂಜಾನೆ ಐದಕ್ಕೆ ಎದ್ದು ಎಸರಿಟ್ಟು ನೂರಾರು ರೊಟ್ಟಿ ಬಡಿಯುವ ಕೈಗಳು ಆ ಚಿತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಕಡೆಯ ಜನ ಹುಡುಕುವುದು ಆ ಕೈಗಳನ್ನೇ. ಆದ್ದರಿಂದ ಮಾಡುವ ಕೆಲಸವನ್ನು ಇದ್ದಂತೆಯೇ, ಆದರೆ ಚೆನ್ನಾಗಿ ಕಾಣುವಂತೆ ಮತ್ತು ಕೇಳುವಂತೆ, ಕೈಯಲ್ಲಿರುವ ಫೋನಿನಿಂದಲೇ ಚಿತ್ರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಕೆಲಸ ಕ್ಯಾಮೆರಾದ ಗಾಜನ್ನು ಒರೆಸುವುದು. ಅಡುಗೆಮನೆಯಲ್ಲಿರುವ ಫೋನಿನ ಲೆನ್ಸಿಗೆ ಹಿಟ್ಟು, ಎಣ್ಣೆಯ ಜಿಡ್ಡು ಮತ್ತು ಹಬೆ ಅಂಟಿಕೊಂಡಿರುತ್ತವೆ; ದೃಶ್ಯ ಮಸುಕಾಗಿ ಬರುವುದಕ್ಕೆ ಫೋನು ಹಳೆಯದೆಂಬುದಕ್ಕಿಂತ ಇದೇ ಹೆಚ್ಚಿನ ಸಲ ಕಾರಣ. ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ, ಸೆಟ್ಟಿಂಗ್ಸ್‌ನಲ್ಲಿ ವಿಡಿಯೊವನ್ನು 1080 ಗುಣಮಟ್ಟಕ್ಕೆ, ಸೆಕೆಂಡಿಗೆ 30 ಫ್ರೇಮಿಗೆ ಇಟ್ಟುಕೊಳ್ಳಿ. ರೀಲ್ಸ್, ಶಾರ್ಟ್ಸ್, ಸ್ಟೇಟಸ್ ಮೂರಕ್ಕೂ ಫೋನನ್ನು ನೆಟ್ಟಗೆ ಹಿಡಿದು ತೆಗೆದ 9:16 ಅಳತೆಯ ವಿಡಿಯೊವೇ ಸರಿ.

ಬೆಳಕಿನ ವಿಷಯದಲ್ಲಿ ತುಸು ನಿಧಾನಿಸಬೇಕು. ನಮ್ಮದು ಬಿಸಿಲ ನಾಡು. ಆದರೆ ಮಧ್ಯಾಹ್ನದ ನೇರ ಬಿಸಿಲು ಚಿತ್ರಕ್ಕೆ ಒಳ್ಳೆಯದಲ್ಲ, ನೆರಳು ಕಡುಕಪ್ಪಾಗಿ ರೊಟ್ಟಿಯ ಮೈ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಮುಂಜಾನೆ ಬಾಗಿಲಿನಿಂದಲೋ ಕಿಟಕಿಯಿಂದಲೋ ಒಂದು ಬದಿಯಿಂದ ಬರುವ ಬೆಳಕಿನಲ್ಲಿ ಕುಳಿತುಕೊಳ್ಳಿ, ಎದುರು ಬದಿಗೆ ಒಂದು ಬಿಳಿ ಧೋತರವನ್ನು ಇಳಿಬಿಟ್ಟರೆ ನೆರಳೂ ತಿಳಿಯಾಗುತ್ತದೆ. ಒಳಗಿನ ಟ್ಯೂಬ್‌ಲೈಟನ್ನು ಆರಿಸಿಬಿಡಿ. ಎರಡು ಬಗೆಯ ಬೆಳಕು ಬೆರೆತರೆ ರೊಟ್ಟಿಯ ಬಣ್ಣ ಕೆಡುತ್ತದೆ. ಕ್ಯಾಮೆರಾ ತನ್ನ ಮುಂದಿನ ದೃಶ್ಯವನ್ನೆಲ್ಲ ಸರಾಸರಿ ಬೂದುಬಣ್ಣದ ಹೊಳಪಿಗೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕರಿ ಹಂಚು ಇದ್ದರೆ ಅದು ಬೆಳಕನ್ನು ಹೆಚ್ಚಿಸಿ, ಮೇಲಿರುವ ರೊಟ್ಟಿಯ ಚುಕ್ಕೆಗಳು ಕಾಣದಂತೆ ಮಾಡುತ್ತದೆ. ಒಂದರ ಮೇಲೊಂದಿಟ್ಟ ಬಿಳಿ ರೊಟ್ಟಿಗಳ ಅಟ್ಟಿಯೇ ತುಂಬಿದ್ದರೆ ಬೆಳಕನ್ನು ತಗ್ಗಿಸಿ ಅದನ್ನು ಮಂಕಾಗಿಸುತ್ತದೆ. ಆಗ ತೆರೆಯ ಮೇಲೆ ರೊಟ್ಟಿ ಇರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಬಹುತೇಕ ಫೋನುಗಳಲ್ಲಿ ಫೋಕಸ್ಸೂ ಬೆಳಕೂ ಅಲ್ಲಿಗೇ ನಿಲ್ಲುತ್ತವೆ. ಬಳಿಕ ಪಕ್ಕದ ಸೂರ್ಯನ ಗುರುತನ್ನು ಹಂಚಿನ ದೃಶ್ಯಕ್ಕೆ ಕೆಳಗೆ, ಅಟ್ಟಿಯ ದೃಶ್ಯಕ್ಕೆ ಮೇಲೆ ಸರಿಸಿದರೆ ಸಾಕು. ಬೀದರಿನ ಬಿದ್ರಿ ಸಾಮಾನು ಮಾರುವವರಿಗೂ ಇದೇ ಉಪಾಯ ಒದಗುತ್ತದೆ, ಏಕೆಂದರೆ ಅಲ್ಲಿಯೂ ಕಪ್ಪು ಮೈಯ ಮೇಲೆ ಬೆಳ್ಳಿಯ ಗೆರೆ ಹೊಳೆಯುತ್ತಿರುತ್ತದೆ.

ರೊಟ್ಟಿಯನ್ನು ಇಡುವ ಹಿನ್ನೆಲೆಗಾಗಿ ಅಂಗಡಿಗೆ ಹೋಗಬೇಕಿಲ್ಲ. ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿಯೇ ಅತ್ಯುತ್ತಮ ಹಿನ್ನೆಲೆ: ಪಾಲಿಶ್ ಮಾಡದ ಕಲ್ಲು ಹೊಳೆಯುವುದಿಲ್ಲ, ಅದರ ಬೂದುಬಣ್ಣ ಕ್ಯಾಮೆರಾದ ಲೆಕ್ಕವನ್ನೂ ತಪ್ಪಿಸುವುದಿಲ್ಲ. ಒಂದು ತುಂಡನ್ನು ತೊಳೆದು ಇದಕ್ಕೆಂದೇ ಎತ್ತಿಡಿ. ಸ್ಟೀಲಿನ ತಾಟಿನಲ್ಲಾದರೆ ಫೋನು ಹಿಡಿದವರ ಪ್ರತಿಬಿಂಬವೂ ಮೂಡುತ್ತದೆ.

ಇನ್ನು ಸಪ್ಪಳ. ರೊಟ್ಟಿ ಬಡಿಯುವ ಲಯಬದ್ಧ ಸಪ್ಪಳ ಕೇಳಿದರೆ ಊರಿನಿಂದ ದೂರ ಇರುವವರ ಕಿವಿ ನಿಮಿರುತ್ತದೆ. ಅದರ ಮೇಲೆ ಸಿನಿಮಾ ಹಾಡನ್ನು ಹಾಕಿ ಮುಚ್ಚುವುದನ್ನು ನಾನಂತೂ ಒಪ್ಪಲಾರೆ. ಇನ್‌ಸ್ಟಾಗ್ರಾಮಿನ ಬಿಸಿನೆಸ್ ಖಾತೆಗಳಿಗೆ ಜನಪ್ರಿಯ ಹಾಡುಗಳ ಬಳಕೆಯ ಮೇಲೆ ನಿರ್ಬಂಧವೂ ಇದೆ. ಫ್ಯಾನು, ಮಿಕ್ಸರು, ಟಿವಿ ಬಂದ್ ಮಾಡಿ, ಫೋನನ್ನು ಒಂದು ಮೊಳ ದೂರದಲ್ಲಿಟ್ಟು, ಅದರ ಕೆಳತುದಿಯಲ್ಲಿರುವ ಮೈಕಿನ ತೂತನ್ನು ಬೆರಳು ಮುಚ್ಚದಂತೆ ನೋಡಿಕೊಳ್ಳಿ.

ಚಿತ್ರೀಕರಣದಲ್ಲಿ ಉದ್ದನೆಯ ಒಂದೇ ವಿಡಿಯೊ ಬೇಡ. ಹಿಟ್ಟಿಗೆ ಕುದಿಯುವ ಎಸರು ಹೊಯ್ಯುವುದು, ನಾದುವುದು, ಬಡಿಯುವುದು, ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದು, ರೊಟ್ಟಿ ಉಬ್ಬುವುದು, ಒಣಗಿದ ಖಡಕ್ ರೊಟ್ಟಿಯನ್ನು ಮುರಿಯುವುದು, ಎಣಿಸಿ ಪ್ಯಾಕ್ ಮಾಡುವುದು, ಹೀಗೆ ಒಂದೊಂದನ್ನೂ 10 ಸೆಕೆಂಡು, ಫೋನನ್ನು ಅಲುಗಿಸದೆ, ಡಬ್ಬಿಗೋ ಸೇರಿಗೋ ಆನಿಸಿಟ್ಟು ತೆಗೆಯಿರಿ. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಅಂಟು ಇಲ್ಲದ್ದರಿಂದಲೇ ಬಿಸಿ ಎಸರು ಬೇಕಾಗುತ್ತದೆ. ಇಂಥ ಒಂದು ಮಾತನ್ನು ಆ ದೃಶ್ಯದ ಮೇಲೆ ಬರೆದರೆ ನೋಡುವವರು ಒಂದು ಕ್ಷಣ ನಿಲ್ಲುತ್ತಾರೆ. ಹಬೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಅಥವಾ ಬದಿಯಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಕೆಲಸದವರ ಮುಖ ತೋರಿಸುವ ಮುನ್ನ ಅವರನ್ನು ಕೇಳಿ. ಅವರು ಬೇಡವೆಂದರೆ ಕೈಗಳಷ್ಟೇ ಸಾಕು.

ಜೋಡಣೆಗೆ ಇನ್‌ಶಾಟ್‌ನಂಥ ಒಂದು ಆ್ಯಪ್ ಸಾಕು. ಪ್ರತಿ ತುಣುಕಿನಿಂದ ಚೆನ್ನಾದ ಮೂರು ನಾಲ್ಕು ಸೆಕೆಂಡು ಉಳಿಸಿ ಒಟ್ಟು 30 ಸೆಕೆಂಡಿಗೆ ಮುಗಿಸಿ. ರೊಟ್ಟಿ ಉಬ್ಬುವ ಇಲ್ಲವೆ ಮುರಿಯುವ ದೃಶ್ಯವನ್ನು ಎಲ್ಲಕ್ಕೂ ಮೊದಲಿಡಿ. ತೆರೆಯ ಬಲಕ್ಕೂ ಕೆಳಕ್ಕೂ ಲೈಕ್ ಗುಂಡಿಗಳು ಮತ್ತು ಖಾತೆಯ ಹೆಸರು ಬರುವುದರಿಂದ ಬರಹವನ್ನು ನಡುಭಾಗದಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಹಾಕಿ. ಧ್ವನಿ ಸೇರಿಸುವುದಾದರೆ ಪುಸ್ತಕದ ಕನ್ನಡಕ್ಕಾಗಿ ಒದ್ದಾಡಬೇಡಿ. ‘ಮಾಲದಂಡಿ ಜ್ವಾಳದ ಹಿಟ್ಟು, ಇವತ್ತ ಮುಂಜಾನೆ ಬೀಸಿದ್ದು’ ಎಂಬ ಮನೆಯ ಮಾತೇ ನಂಬಿಕೆ ಹುಟ್ಟಿಸುತ್ತದೆ, ಅದು ನಿಜವಾಗಿದ್ದರೆ ಮಾತ್ರ ಹೇಳಬೇಕು ಅಷ್ಟೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಆ ಪ್ರದೇಶದ್ದೇ ವಿಶಿಷ್ಟ ಉತ್ಪನ್ನವೆಂಬ ಗುರುತಿನ, ಮಾನ್ಯತೆ ದೊರೆತಿದೆ. ಹೊರಗಿನಿಂದ ತಂದ ಬೇಳೆಯನ್ನು ಆ ಹೆಸರಿನಲ್ಲಿ ವಿಡಿಯೊ ಮಾಡಿ ಮಾರುವುದು ಬೆಳೆದ ರೈತನಿಗೆ ಮಾಡುವ ಅನ್ಯಾಯ.

ವಿಡಿಯೊದ ಕೆಳಗೆ ಎಷ್ಟು ರೊಟ್ಟಿಗೆ ಎಷ್ಟು ದರ, ಎಷ್ಟು ದಿನ ಇಡಬಹುದು, ಯಾವ ಊರಿಗೆ ಹೇಗೆ ಕಳಿಸುತ್ತೀರಿ, ಈ ಮೂರನ್ನು ತಪ್ಪದೆ ಬರೆಯಿರಿ. ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಮತ್ತು ತಯಾರಿಸಿದ ದಿನಾಂಕ ಒಮ್ಮೆ ಹತ್ತಿರದಿಂದ ಕಾಣಲಿ. ಸ್ಟೇಟಸ್ 24 ಗಂಟೆಯಲ್ಲಿ ಮರೆಯಾಗುವುದರಿಂದ ಅದೊಂದನ್ನೇ ನೆಚ್ಚದೆ, ಉಚಿತವಾಗಿ ಸಿಗುವ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಪ್ರತಿ ವಸ್ತುವಿನ ಫೋಟೊ ಮತ್ತು ದರ ಹಾಕಿಡಿ. ವಿಡಿಯೊವನ್ನು ಬೇರೆಯವರಿಗೆ ಕಳಿಸುವಾಗ ಎಚ್‌ಡಿ ಆಯ್ಕೆಯನ್ನು ಒತ್ತದಿದ್ದರೆ ಗುಣಮಟ್ಟ ಇಳಿಯುತ್ತದೆ.

ಎಳ್ಳಮವಾಸ್ಯೆಗೆ ಸಜ್ಜಿ ರೊಟ್ಟಿ ಮಾಡುವವರು, ಶರಣಬಸವೇಶ್ವರರ ಜಾತ್ರೆಗೆ ಬರುವವರಿಗೆ ಬುತ್ತಿ ಕಟ್ಟಿಕೊಡುವವರು ಹಬ್ಬದ ದಿನ ವಿಡಿಯೊ ಮಾಡಿದರೆ ತಡವಾಗುತ್ತದೆ. ಹತ್ತು ದಿನ ಮೊದಲೇ ಮುಗಿಸಬೇಕು. ಉಳಿದ ವಾರಗಳಲ್ಲಿ ಏನು ಹಾಕುವುದೆಂಬ ಚಿಂತೆಗೆ ಗಿರಾಕಿಗಳ ಪ್ರಶ್ನೆಗಳೇ ಪರಿಹಾರ. ಅವರು ಕೇಳಿದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡಿ. ಮಳೆಗಾಲದಲ್ಲಿ ಖಡಕ್ ರೊಟ್ಟಿ ಮೆತ್ತಗಾದರೆ ಏನು ಮಾಡಬೇಕೆಂದು ಯಾರಾದರೂ ಕೇಳಿದ್ದರೆ, ಮೆತ್ತಗಾದ ರೊಟ್ಟಿಯನ್ನು ಬಿಸಿ ಹಂಚಿನ ಮೇಲೆ ಎರಡೂ ಕಡೆ ಕಾಯಿಸಿ, ಆರಿದ ಮೇಲೆ ಫೋನಿನ ಹತ್ತಿರ ಹಿಡಿದು ಮುರಿಯುವ 15 ಸೆಕೆಂಡಿನ ತುಣುಕನ್ನು ಮುಂದಿನ ವಾರಕ್ಕೆ ಸಿದ್ಧಮಾಡಿಕೊಳ್ಳಬಹುದು.