ಡಿಶ್ ಕೊಳ್ಳುವ ಮೊದಲು ತಾರಸಿ ಹತ್ತಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಮೀನಿನ ಮುಳ್ಳಿನಂಥ ಹಳೆಯ ಅಲ್ಯೂಮಿನಿಯಂ ಆಂಟೆನಾ ಇನ್ನೂ ಇದೆ. ಗುಜರಿಯವರು ಎಷ್ಟು ಸಲ ಬಂದರೂ ಅಮ್ಮ ಅದನ್ನು ಕೊಟ್ಟಿಲ್ಲ. ಹೋದ ವರ್ಷ ಒಂದು ದಿನ ಕೇಳಿದರು: "ಅಲ್ಲ ಮಾರಾಯ, ತಿಂಗಳು ತಿಂಗಳು ರೀಚಾರ್ಜ್ ಮಾಡ್ಸಿ ನಾನು ನೋಡೋದು ಚಂದನ ಒಂದೇ. ಅಟ್ಟದ ಮೇಲಿರೋದನ್ನೇ ಕಟ್ಟಿದ್ರೆ ಬರಲ್ವಾ?"

ಬರಲ್ಲ. ಆ ಆಂಟೆನಾ ಕೆಟ್ಟಿಲ್ಲ. ಅದಕ್ಕೆ ಸಿಗುತ್ತಿದ್ದ ಪ್ರಸಾರವೇ ಈಗಿಲ್ಲ. ಗುಡ್ಡದ ಮೇಲಿನ ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಕೆಲವೇ ಆಯಕಟ್ಟಿನ ಜಾಗಗಳಲ್ಲಿ ಉಳಿಸಿಕೊಂಡು, ಮಿಕ್ಕವನ್ನು ಪ್ರಸಾರ ಭಾರತಿ 2022ರ ಮಾರ್ಚ್ ಹೊತ್ತಿಗೆ ಹಂತ ಹಂತವಾಗಿ ನಿಲ್ಲಿಸಿತು. ಬೆಂಗಳೂರು ಸೇರಿದಂತೆ ಕೆಲವು ನಗರಗಳಲ್ಲಿ 2016ರಲ್ಲಿ ಡಿವಿಬಿ-ಟಿ2 ಎಂಬ ಡಿಜಿಟಲ್ ಪ್ರಸಾರ ಶುರುವಾಗಿತ್ತು, ಆದರೆ ಊರಮನೆಗಳಿಗೆ ಅದು ಲೆಕ್ಕಕ್ಕಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಒಮ್ಮೆ ಮೋಸಹೋದೆ. ಆನ್‌ಲೈನ್‌ನಲ್ಲಿ 'ಎಚ್‌ಡಿ ಇಂಡೋರ್ ಆಂಟೆನಾ, 200 ಕಿಲೋಮೀಟರ್' ಎಂದು ಬರೆದಿದ್ದ ಕಾಗದದಷ್ಟು ತೆಳ್ಳಗಿನ ಹಲಗೆಯೊಂದನ್ನು ತರಿಸಿದೆ. ಕಿಟಕಿಗೆ ಅಂಟಿಸಿ ಟಿವಿಯಲ್ಲಿ ಹುಡುಕಿಸಿದರೆ ಸಿಕ್ಕ ಚಾನೆಲ್ ಸೊನ್ನೆ. ಅಂಥದ್ದು ಗೋಪುರದಿಂದ ಪ್ರಸಾರ ನಡೆಯುವ ಅಮೆರಿಕದಂಥ ದೇಶಗಳಿಗೆ ಸರಿ. ನಮ್ಮ ಹಳ್ಳಿಗೆ ಅದು ಗೋಡೆ ಅಲಂಕಾರ ಅಷ್ಟೇ.

ನಮ್ಮಲ್ಲಿ ಬಾಡಿಗೆಯಿಲ್ಲದ ಟಿವಿ ಎಂದರೆ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು ಇದೇ. ಡಿಶ್, ಬಾಕ್ಸ್ ಎಲ್ಲ ಸೇರಿ ಸುಮಾರು 2,000 ರೂಪಾಯಿ ಒಮ್ಮೆ ಹಾಕಿದರೆ ಮುಗಿಯಿತು, ಆಮೇಲೆ ರೀಚಾರ್ಜ್ ಇಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಂದನ ಸಿಗುತ್ತದೆ, ಆಕಾಶವಾಣಿಯ ಹಲವು ವಾಹಿನಿಗಳು ಸಿಗುತ್ತವೆ, ಆದರೆ ಪಟ್ಟಿಯಲ್ಲಿ ಹಿಂದಿಯದೇ ಮೇಲುಗೈ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಕೊಂಡು ಬರುವುದರಿಂದ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಸಂಜೆಯ ಕನ್ನಡ ಧಾರಾವಾಹಿ ತಪ್ಪಿದರೆ ಊಟ ಸೇರದ ಮನೆಯಾದರೆ, ದುಡ್ಡು ಕೊಡುವ ಮೊದಲು ಈಗಿನ ಪಟ್ಟಿ ನೋಡಿಕೊಳ್ಳಿ.

ಮೊದಲ ಕೆಲಸ: ಆಕಾಶ ನೋಡುವುದು

ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಯಾವ ಕಂಪನಿ ಡಿಶ್ ಒಳ್ಳೇದು?" ಎಂದು. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ನಿಮ್ಮ ತಾರಸಿಯಿಂದ ಉಪಗ್ರಹ ಕಾಣುತ್ತದೆಯೇ ಎಂಬುದು ಮೊದಲನೆಯದು.

ಫ್ರೀ ಡಿಶ್ ಚಾನೆಲ್‌ಗಳು ಬರುವುದು ಇಸ್ರೋದ ಜಿಸ್ಯಾಟ್-15 ಉಪಗ್ರಹದಿಂದ. ಅದು ಸಮಭಾಜಕ ವೃತ್ತದ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಕರ್ನಾಟಕದಿಂದ ನೋಡಿದರೆ ಆಗ್ನೇಯಕ್ಕೆ, ತುಂಬಾ ಎತ್ತರದಲ್ಲಿ. ಲೆಕ್ಕ ಹಾಕಿದರೆ ಬೆಂಗಳೂರಿನಲ್ಲಿ ಉತ್ತರದಿಂದ ಬಲಕ್ಕೆ ಎಣಿಸಿ 128 ಡಿಗ್ರಿ ದಿಕ್ಕು, ನೆಲಮಟ್ಟದಿಂದ 66 ಡಿಗ್ರಿ ಎತ್ತರ. ಮಂಗಳೂರಿನಲ್ಲಿ 123-124 ದಿಕ್ಕು, 63-64 ಎತ್ತರ. ಬೀದರ್‌ನಲ್ಲಿ 137 ಮತ್ತು 62. ಬೆಳಗಾವಿಯಲ್ಲಿ 128 ಮತ್ತು 61. ನಮ್ಮ ತೀರ್ಥಹಳ್ಳಿಗೆ 126 ಮತ್ತು 63.

ಈ ಎತ್ತರ ನಮಗೊಂದು ಅನುಕೂಲ. ಡಿಶ್‌ನಿಂದ ಹತ್ತಡಿ ದೂರದಲ್ಲಿ, ಅದೇ ದಿಕ್ಕಿನಲ್ಲಿ, ಒಂದು ಗೋಡೆ ಇದೆ ಎನ್ನಿ. ಆ ಗೋಡೆ ಡಿಶ್‌ಗಿಂತ ಹದಿನೈದು ಅಡಿ ಎತ್ತರ ಇದ್ದರೂ ಸಿಗ್ನಲ್ ಅದರ ತಲೆ ಮೇಲಿಂದ ಇಳಿದು ಬರುತ್ತದೆ. ಬೆಳಗಾವಿಯಲ್ಲಿ ಹದಿನೆಂಟು ಅಡಿವರೆಗೆ, ಬೆಂಗಳೂರಿನಲ್ಲಿ ಇಪ್ಪತ್ತೆರಡು ಅಡಿವರೆಗೆ ನಡೆಯುತ್ತದೆ. ಹಾಗಾಗಿ ಪಕ್ಕದ ಮನೆಯವರ ಮೂರನೇ ಮಹಡಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ತಲೆ ಮೇಲೆ ಬಾಗಿದ ತೆಂಗಿನ ಗರಿಗೆ, ಸಜ್ಜಕ್ಕೆ, ನೀರಿನ ಟ್ಯಾಂಕಿನ ಅಂಚಿಗೆ. ಫ್ಲ್ಯಾಟಿನ ಬಾಲ್ಕನಿಯಲ್ಲೂ ಇದೇ ತಕರಾರು. ಬಾಲ್ಕನಿ ಆಗ್ನೇಯಕ್ಕೆ ತೆರೆದಿದ್ದರೂ ಮೇಲಿನವರ ಬಾಲ್ಕನಿ ಡಿಶ್‌ಗಿಂತ ಮೂರಡಿ ಮುಂದಕ್ಕೆ ಚಾಚಿದ್ದರೆ, ಡಿಶ್ ಅದಕ್ಕಿಂತ ಏಳಡಿಯಾದರೂ ಕೆಳಗಿರಬೇಕು. ಒಳಗೋಡೆಗೆ ಹೊಡೆಸಿದರೆ ಕೆಲಸ ಕೆಟ್ಟಿತು. ಕಂಬಿಯ ಅಂಚಿಗೆ ತಂದರೆ ಬಹುತೇಕ ಆಗುತ್ತದೆ.

ದಿಕ್ಕಿಗೆ ಮೊಬೈಲ್‌ನ ದಿಕ್ಸೂಚಿ ಸಾಕು. ಆದರೆ ಜಿಐ ಪೈಪು, ಪಿಲ್ಲರಿನಿಂದ ಚಾಚಿದ ಕಬ್ಬಿಣದ ಸರಳುಗಳ ಹತ್ತಿರ ನಿಂತು ನೋಡಬೇಡಿ. ಐದಾರು ಅಡಿ ಸರಿಯಿರಿ, ಇಲ್ಲವಾದರೆ ಮುಳ್ಳು ಸುಳ್ಳು ಹೇಳುತ್ತದೆ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ಈ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಮಾರ್ಚ್ ಮಧ್ಯದಲ್ಲಿ ಬೆಳಿಗ್ಗೆ ಹನ್ನೊಂದೂ ಕಾಲರ ಸುಮಾರಿಗೆ, ಸೆಪ್ಟೆಂಬರ್ ಕೊನೆಯಲ್ಲಿ ಹನ್ನೊಂದಕ್ಕೆ. ಆ ಹೊತ್ತಿಗೆ ತಾರಸಿಯ ಯಾವ ಜಾಗದಲ್ಲಿ ಬಿಸಿಲು ಬಿದ್ದಿದೆಯೋ ಅಲ್ಲಿಂದ ಉಪಗ್ರಹ ಕಾಣುತ್ತದೆ, ಎಲ್ಲಿ ನೆರಳಿದೆಯೋ ಅಲ್ಲಿಂದ ಕಾಣುವುದಿಲ್ಲ. ಅಷ್ಟೇ. ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟುಕೊಂಡರೆ ಯಾವ ಆ್ಯಪೂ ಬೇಡ. ನಮ್ಮನೆ ಅಂಗಳದಲ್ಲಿ ಹೀಗೆ ನೋಡಿದಾಗ, ನಾನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದ ಜಾಗದ ಮೇಲೆ ಹಲಸಿನ ಮರದ ನೆರಳು ಮಲಗಿತ್ತು. ಬಚ್ಚಲುಮನೆಯ ತಾರಸಿ ಮೇಲೆ ಬಿಸಿಲು ಸುಡುತ್ತಿತ್ತು. ಡಿಶ್ ಅಲ್ಲಿಗೇ ಹೋಯಿತು.

ಎಷ್ಟು ದೊಡ್ಡದು?

ಅಂಗಡಿಯಲ್ಲಿ 60, 75, 90 ಸೆಂಟಿಮೀಟರಿನ ಡಿಶ್‌ಗಳು ಸಿಗುತ್ತವೆ. ಬಯಲುಸೀಮೆಗೆ 60 ಧಾರಾಳ ಸಾಕು. ಮಲೆನಾಡು, ಕರಾವಳಿಯವರು ಒಂದಳತೆ ಮೇಲಕ್ಕೆ ಹೋಗಿ. ಉಪಗ್ರಹದಿಂದ ಬರುವ ಕೆಯು ಬ್ಯಾಂಡಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ದಪ್ಪ ಮಳೆ ಅದನ್ನು ಹೀರಿಬಿಡುತ್ತದೆ. ಆಷಾಢದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುವುದು ಇದಕ್ಕೇ. 60ರಿಂದ 90ಕ್ಕೆ ಹೋದರೆ ಡಿಶ್‌ನ ಮೈ ಎರಡೂಕಾಲು ಪಟ್ಟಾಗುತ್ತದೆ, ಹಿಡಿಯುವ ಸಿಗ್ನಲ್ಲೂ ಅಷ್ಟೇ ಪಟ್ಟು. ಗಾಳಿ ಹಿಡಿಯುವುದೂ ಎರಡೂಕಾಲು ಪಟ್ಟು ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಸಡಿಲ ಗೋಡೆಗೆ ಹೊಡೆದ 90ರ ಡಿಶ್‌ಗಿಂತ ಗಟ್ಟಿ ನಿಂತ 75 ಮೇಲು.

ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಸೈಟ್ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಬಂತು. ನಮ್ಮ ಕಡೆ ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಗಿನ ಡಿಶ್ ಸುಮಾರು ಮೂರು ಮೀಟರ್ ಅಗಲ, ಮಾಡಿದ್ದು ಕೋಳಿಗೂಡಿನ ತಂತಿ ಜಾಲರಿಯಿಂದ. ಆಗಿನ ಅಲೆ 35 ಸೆಂಟಿಮೀಟರ್ ಉದ್ದದ್ದು, ಜಾಲರಿಯ ತೂತು ಅದಕ್ಕೆ ಕಾಣಿಸುತ್ತಲೇ ಇರಲಿಲ್ಲ. ಇಂದಿನ ಪುಟ್ಟ ಅಲೆಗೆ ಅಂಥ ಜಾಲರಿ ನಡೆಯುವುದಿಲ್ಲ, ನುಗ್ಗಾದ ತಗಡೂ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಡಿಶ್ ಕೊಳ್ಳುವುದಾದರೆ ಮೈ ಮೇಲೆ ಅಂಗೈ ಸವರಿ ನೋಡಿ. ನೋಡಿದಾಗ ಕಾಣದ ತಗ್ಗು ಕೈಗೆ ಸಿಗುತ್ತದೆ.

ಹಳೆಯ ಡಿಟಿಎಚ್ ಸಂಪರ್ಕದ ಸ್ವಂತ ಡಿಶ್ ತಾರಸಿ ಮೇಲೆ ಬಿದ್ದಿದ್ದರೆ ಹೊಸದು ಬೇಡವೇ ಬೇಡ. ಅದನ್ನೇ ತಿರುಗಿಸಿಕೊಳ್ಳಬಹುದು. ಡಿಶ್ ಮುಂದೆ ಚಾಚಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗ ಮಾತ್ರ ಹೊಸದು ಹಾಕಿ.

ಎಲ್‌ಎನ್‌ಬಿ, ಕೇಬಲ್, ಬಾಕ್ಸ್

ಡಿಶ್ ಬರೀ ತಟ್ಟೆ. ಕೇಳಿಸಿಕೊಳ್ಳುವ ಕಿವಿ ಎಂದರೆ ಅದರ ಮುಂದೆ ಚಾಚಿದ ಎಲ್‌ಎನ್‌ಬಿ. ಅದರ ಮೈಮೇಲೆ 'ಯೂನಿವರ್ಸಲ್, 9750/10600' ಎಂದಿರಬೇಕು. ಎರಡು ಟಿವಿಗೆ ಬೇರೆ ಬೇರೆ ಬಾಕ್ಸ್ ಇಡುವುದಾದರೆ ಎರಡು ಕಿಂಡಿಯ ಎಲ್‌ಎನ್‌ಬಿ ತನ್ನಿ. ಐವತ್ತು ರೂಪಾಯಿಯ ಸ್ಪ್ಲಿಟರ್ ಹಾಕಿ ಒಂದೇ ತಂತಿ ಹಂಚಬೇಡಿ. ಬಾಕ್ಸ್ ಕೇಬಲ್ಲಿನಲ್ಲೇ ಮೇಲಕ್ಕೆ 13 ಅಥವಾ 18 ವೋಲ್ಟ್ ಕಳಿಸಿ ತನಗೆ ಯಾವ ಗುಂಪಿನ ಚಾನೆಲ್ ಬೇಕು ಎಂದು ಎಲ್‌ಎನ್‌ಬಿಗೆ ಹೇಳುತ್ತದೆ. ಇಬ್ಬರು ಯಜಮಾನರು ಬೇರೆ ಬೇರೆ ಕೆಲಸ ಹೇಳಿದರೆ ಆಳು ಏನು ಮಾಡಬೇಕು?

ಕೇಬಲ್ ಆರ್‌ಜಿ-6 ಇರಲಿ, ನಡುವೆ ಜೋಡಣೆ ಇಲ್ಲದೆ ಒಂದೇ ತುಂಡಿರಲಿ, ನೂರಡಿಯೊಳಗೆ ಮುಗಿಯಲಿ. ತುದಿಗೆ ಎಫ್ ಕನೆಕ್ಟರ್ ಹಾಕುವಾಗ ಹೊರಗಿನ ಜಡೆತಂತಿಯ ಒಂದೇ ಒಂದು ಎಳೆ ಕೂಡ ನಡುವಿನ ತಾಮ್ರಕ್ಕೆ ತಾಗಬಾರದು. ಆ ವೋಲ್ಟ್ ಶಾರ್ಟ್ ಆಗಿ ಬಾಕ್ಸಿಗೆ ಪೆಟ್ಟಾಗಬಹುದು. ಅದಕ್ಕೇ ಸಿಕ್ಕಿಸುವಾಗ, ಬಿಚ್ಚುವಾಗ ಸ್ವಿಚ್ ಆಫ್ ಇರಲಿ. ಮನೆಯೊಳಗೆ ಹೋಗುವ ಮೊದಲು ಕೇಬಲ್ ಒಮ್ಮೆ ಕೆಳಕ್ಕೆ ಜೋತು ಮೇಲೇರುವಂತೆ ಬಿಡಿ. ಮಳೆನೀರು ಆ ಜೋಲಿಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ತೂತಿನೊಳಗೆ ಇಳಿಯುವುದಿಲ್ಲ.

ಬಾಕ್ಸ್ ಎಂಪೆಗ್-4ನದ್ದೇ (ಚಿತ್ರ ಕುಗ್ಗಿಸಿ ಕಳಿಸುವ ಹೊಸ ವಿಧಾನದ್ದು) ಇರಲಿ. ಹಳೆಯ ಎಂಪೆಗ್-2 ಬಾಕ್ಸಿಗೆ ಎಷ್ಟೋ ಚಾನೆಲ್ ಕಾಣುವುದಿಲ್ಲ. ಕೊಳ್ಳುವ ಮೊದಲು ಟಿವಿಯ ಬೆನ್ನು ನೋಡಿ. ಈಚಿನ ಕೆಲವು ಟಿವಿಗಳಲ್ಲಿ ಉಪಗ್ರಹದ ಟ್ಯೂನರ್ ಒಳಗೇ ಇರುತ್ತದೆ, ತಿರುಪಿರುವ ಕಿಂಡಿಯ ಪಕ್ಕ 'ಸ್ಯಾಟಲೈಟ್ ಇನ್' ಎಂದು ಬರೆದಿರುತ್ತದೆ. ಇದ್ದರೆ ಬಾಕ್ಸಿಲ್ಲದೆಯೇ ಬಹಳಷ್ಟು ಚಾನೆಲ್ ನೋಡಬಹುದು. ಓದುವ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಲಾಭ ಇದೆ: ಕೇಂದ್ರ ಶಿಕ್ಷಣ ಇಲಾಖೆಯ ಸ್ವಯಂಪ್ರಭಾ ಪಾಠದ ಚಾನೆಲ್‌ಗಳು ಬರುವುದೂ ಇದೇ ಉಪಗ್ರಹದಿಂದ, ಇದೇ ಡಿಶ್‌ಗೆ.

ನಿಲ್ಲಿಸುವುದು, ತಿರುಗಿಸುವುದು

ಕಂಬ ನೆಟ್ಟಗಿರಬೇಕು. ಗಾರೆಯವರ ತೂಗುಗುಂಡು ಇಳಿಬಿಟ್ಟು ಎರಡು ಬದಿಯಿಂದ ನೋಡಿ. ಕಂಬ ಓರೆಯಾದರೆ ಡಿಶ್ ಬೆನ್ನಿನ ಪಟ್ಟಿಯ ಡಿಗ್ರಿ ಗುರುತುಗಳಿಗೆ ಅರ್ಥವೇ ಇರುವುದಿಲ್ಲ. ಹೆಂಚಿನ ಮನೆಯಾದರೆ ಪಕಾಸಿಗೆ ಕಟ್ಟಬೇಡಿ, ಗಾಳಿಗೆ ಹೆಂಚು ಸರಿಯುತ್ತದೆ. ಅಂಗಳದಲ್ಲಿ ಗುಂಡಿ ತೋಡಿ ಜಿಐ ಪೈಪನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ.

ಈಗ ನಿಮ್ಮೂರಿನ ಎತ್ತರಕ್ಕೆ ಪಟ್ಟಿ ಹೊಂದಿಸಿ ಬೋಲ್ಟು ಬಿಗಿ ಮಾಡಿ. ಆಗ ಡಿಶ್ ಆಕಾಶಕ್ಕೆ ಸಾಕಷ್ಟು ಮುಖ ಮಾಡಿಲ್ಲ ಅನ್ನಿಸುತ್ತದೆ. ಅದು ಕಣ್ಣಿನ ಭ್ರಮೆ. ಎಲ್‌ಎನ್‌ಬಿ ಕೆಳಬದಿಯಿಂದ ಚಾಚಿರುವ ಈ ಡಿಶ್‌ಗಳು ತಾವು ತೋರುವುದಕ್ಕಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತವೆ. ಇದು ಗೊತ್ತಿಲ್ಲದೆ ನಾನು ಮೊದಲ ದಿನ ಡಿಶ್ಶನ್ನು ಹೆಚ್ಚುಕಡಿಮೆ ಅಂಗಾತ ಮಲಗಿಸಿದ್ದೆ.

ಆಮೇಲೆ ಉಳಿಯುವುದು ಎಡಬಲ ತಿರುಗಿಸುವ ಕೆಲಸ. ನಾನು ಬಚ್ಚಲಿನ ತಾರಸಿ ಮೇಲೆ, ಅಮ್ಮ ಟಿವಿ ಮುಂದೆ, ನಡುವೆ ಫೋನು.

"ಎಂಬತ್ತು ಅಂತಿದೆ ಕಣೋ, ಬಂತು."

"ಅದು ಯಾವ ಗೆರೆ? ಮೇಲಿಂದಾ ಕೆಳಗಿಂದಾ?"

"ಮೇಲಿಂದು."

"ಕೆಳಗಿಂದು ಹೇಳಮ್ಮ."

"ಅದು ಸೊನ್ನೆ."

ಅರ್ಧ ಗಂಟೆ ಹೋದದ್ದು ಇಲ್ಲೇ. ಬಾಕ್ಸಿನ ತೆರೆಯಲ್ಲಿ ಎರಡು ಗೆರೆ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಎಂದರೆ ಏನೋ ಒಂದು ಸಿಗ್ನಲ್ ತಂತಿಯಲ್ಲಿದೆ ಎಂದಷ್ಟೇ. ಡಿಶ್ ಗೋಡೆ ನೋಡುತ್ತಿದ್ದರೂ ಅದು ಏರುತ್ತದೆ. ನಂಬಬೇಕಾದ್ದು ಕ್ವಾಲಿಟಿಯನ್ನು. ನಿಧಾನವಾಗಿ, ಒಂದು ಸಲಕ್ಕೆ ಬೆರಳಗಲವೂ ಅಲ್ಲದಷ್ಟು ತಿರುಗಿಸಿ, ಎರಡು ಮೂರು ಸೆಕೆಂಡು ಕಾಯಿರಿ. ಡಿಜಿಟಲ್ ಬಾಕ್ಸಿಗೆ ಹಿಡಿದುಕೊಳ್ಳಲು ಅಷ್ಟು ಹೊತ್ತು ಬೇಕು. ಇನ್ನೊಂದು ಡಿಟಿಎಚ್ ಸೇವೆಯ ಉಪಗ್ರಹ 95 ಡಿಗ್ರಿಯಲ್ಲಿದೆ, ನಮ್ಮದಕ್ಕಿಂತ ಒಂದೂವರೆ ಡಿಗ್ರಿ ಆಚೆ ಅಷ್ಟೇ. ಸರಸರ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ ಹಾರಿಬಿಡುತ್ತೀರಿ. ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಗಡಿಯಾರದ ಮುಳ್ಳಿನಂತೆ ತುಸು ತಿರುಗಿಸಿ ಇನ್ನೂ ಏರುತ್ತದೆಯೇ ನೋಡಿ. ಎಲ್ಲರೂ ಬಿಟ್ಟುಬಿಡುವ ಕೆಲಸ ಇದು. ಮಳೆಗಾಲದಲ್ಲಿ ಕೈಹಿಡಿಯುವ ನಾಲ್ಕೈದು ಅಂಕ ಇಲ್ಲೇ ಸಿಗುತ್ತದೆ. ಬೋಲ್ಟು ಬಿಗಿ ಮಾಡುವಾಗ ಮತ್ತೆ ಅಂಕ ಕೇಳುತ್ತಿರಿ, ಕೊನೆಯ ಬಿಗಿತದಲ್ಲಿ ಡಿಶ್ ಜಾರುವುದುಂಟು.

ನಮ್ಮಲ್ಲಿ ಕೊನೆಗೆ ಕ್ವಾಲಿಟಿ 68ಕ್ಕೆ ನಿಂತಿತು. "ಅಲ್ಲಾಡ್ಸಬೇಡ, ಇಳಿದು ಬಾ" ಎಂದರು ಅಮ್ಮ.

ಆಮೇಲಿನ ಆರೈಕೆ ದೊಡ್ಡದೇನಲ್ಲ. ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟರೆ ಒಳಗೆ ನೀರು ಇಳಿಯುತ್ತದೆ, ಕಣಜ ಗೂಡು ಕಟ್ಟುತ್ತದೆ. ಮಳೆಗಾಲಕ್ಕೆ ಮೊದಲೊಮ್ಮೆ ನೋಡಿ. ಮಂಗಗಳಿರುವ ಊರಾದರೆ ಕೇಬಲ್ಲನ್ನು ಪೈಪಿನೊಳಗೆ ಇಳಿಸಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಬಾಕ್ಸಿನ ಪ್ಲಗ್ ಮಾತ್ರವಲ್ಲ, ಡಿಶ್‌ನಿಂದ ಬರುವ ಕೇಬಲ್ಲನ್ನೂ ಬಿಚ್ಚಿಡಿ. ಸಿಡಿಲು ಬರುವುದು ಆ ದಾರಿಯಿಂದಲೂ.

ಮಾರ್ಚ್ ಮಧ್ಯದಲ್ಲಿ ಅಥವಾ ಸೆಪ್ಟೆಂಬರ್ ಕೊನೆಯಲ್ಲಿ, ಮೋಡವಿಲ್ಲದ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚಿತ್ರ ಇದ್ದಕ್ಕಿದ್ದಂತೆ ಹೋದರೆ ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ. ಉಪಗ್ರಹದ ಬೆನ್ನಿಗೆ ಸೂರ್ಯ ಬಂದಿರುತ್ತಾನೆ. ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಚಿತ್ರ ಬಂದಿರುತ್ತದೆ.